ಮಂಡಕ್ಕಿ ಭಟ್ಟಿ ಚಿತ್ರಗಳ ಪ್ರದರ್ಶನ: ನೋಡಿದವರು ಏನಂತೀರಿ?

ಪಿಬಿ ರೋಡ್ ಪಯಣಿಗ

ಈ ವಾರ ದಾವಣಗೆರೆಯಲ್ಲಿ ಒಂದು ಏಕವ್ಯಕ್ತಿ ಚಿತ್ರ ಪ್ರದರ್ಶನ ನಡೆಯುತ್ತಿದೆ. ಹಾಲ್ ತುಂಬ ಮಂಡಕ್ಕಿ ಭಟ್ಟಿಯದೇ ಚಿತ್ರಗಳು. ಕಲಾವಿದೆ ನಮ್ಮೂರ ದೃಶ್ಯಕಲಾ ಮಹಾವಿದ್ಯಾಲಯದಲ್ಲೇ ಓದಿದವರು. ಒಬ್ಬರೇ ಮಾಡುತ್ತಿರುವ ಮೊದಲ ಪ್ರದರ್ಶನ ಇದು. ಅವರೂ ಈ ಬಳಗದಲ್ಲಿದ್ದಾರೆ, ಹಾಗಾಗಿ ಹೆಸರು ಹಾಕುತ್ತಿಲ್ಲ. ಬೇಕಾದರೆ ಅವರೇ ಮಾತಾಡಲಿ.

ನಾನು ಚಿತ್ರಕಲೆ ಓದಿದವನಲ್ಲ. ಸಂಜೆಯಾದರೆ ಮಿರ್ಚಿ ಮಂಡಕ್ಕಿ ಬೇಕು ಅನ್ನುವ ಜಾತಿ. ಆದರೂ ಬಹಳ ಹೊತ್ತು ಅಲ್ಲೇ ನಿಂತುಬಿಟ್ಟೆ.

ಬಾಗಿಲಲ್ಲೇ ಎದುರಾಗುವುದು ದೊಡ್ಡ ಕ್ಯಾನ್ವಾಸ್. ನಾಲ್ಕಡಿ ಐದಡಿ ಇರಬೇಕು. ಬಾಣಲೆ ಮುಂದೆ ಬಗ್ಗಿ ನಿಂತ ಒಬ್ಬ, ಕೈಯಲ್ಲಿ ಜರಡಿ, ಮೈಮೇಲೆಲ್ಲ ಕಿತ್ತಳೆ ಬೆಳಕು. ಎಲ್ಲರೂ ಅದರ ಮುಂದೆಯೇ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನನಗೆ ಹಿಡಿಸಿದ್ದು ಬೇರೆ. ಒಳಗೆ ಸ್ವಿಚ್‌ಬೋರ್ಡ್ ಪಕ್ಕ ಒಂದು ಕಪ್ಪು ಬಟ್ಟೆ ನೇತುಹಾಕಿದ್ದಾರೆ. ಅದರ ಮೇಲೆ ಮಂಡಕ್ಕಿ ರಾಶಿ. ಮನುಷ್ಯರಿಲ್ಲ, ಒಲೆ ಇಲ್ಲ. ಹತ್ತಿರ ಹೋದರೆ ಒಂದೊಂದು ಕಾಳೂ ಬೇರೆ ಬೇರೆ. ಬಿಳಿ ಚುಕ್ಕಿ ಇಟ್ಟು ಕೈತೊಳೆದುಕೊಂಡಿಲ್ಲ. ಒಂದು ಬಿಳಿ ಗೆರೆ, ಅದಕ್ಕೆ ಒತ್ತಿಕೊಂಡು ಒಂದು ಬೂದು ಗೆರೆ. ನಡುನಡುವೆ ಸೀದು ಕಂದಾದ ಕಾಳು. ಕೆಳಗಡೆ ಉಬ್ಬದೆ ಉಳಿದ ಅಕ್ಕಿ, ಹಳದಿ ಛಾಯೆಯಲ್ಲಿ. ಮಂಡಕ್ಕಿ ಚೀಲದ ತಳದಲ್ಲಿ ಹಲ್ಲಿಗೆ ಕಟ್ ಅಂತ ಸಿಗುತ್ತದಲ್ಲ, ಅದೇ.

ನೋಡಿದವರು ಏನಂತೀರಿ? ಬೇರೆಯವರ ಕಷ್ಟವನ್ನು ಇಷ್ಟು ಚಂದ ಮಾಡಿ ಗೋಡೆಗೆ ಹಾಕಬಹುದಾ ಅಂತ ಒಂದು ಅನುಮಾನ ಆಗಿನಿಂದ ಕಾಡುತ್ತಿದೆ.

ಬೆಣ್ಣೆ ಖಾಲಿ

ಹೋಗಿದ್ದೆ ಮಾರಾಯ್ರೆ. ಉದ್ಘಾಟನೆ ದಿನ ಹೋಗಿದ್ದು ತಪ್ಪಾಯ್ತು. ವೇದಿಕೆ ಮೇಲಿದ್ದವರು ಎದುರಿಗಿದ್ದವರಿಗಿಂತ ಜಾಸ್ತಿ. ಎಲ್ಲರೂ ಕಲೆ ಅಂದ್ರೆ ಏನು ಅಂತ ಹೇಳಿದರು, ಚಿತ್ರದ ಕಡೆ ಒಬ್ಬರೂ ತಿರುಗಲಿಲ್ಲ. ಹಾರ ತುರಾಯಿ ದುಡ್ಡಲ್ಲಿ ಇನ್ನೆರಡು ಲೈಟ್ ಹಾಕಿಸಬಹುದಿತ್ತು.

ಭಟ್ಟಿ ಮನೆ ಹುಡುಗ

ನಮ್ಮದು ಭಟ್ಟಿ ಮನೆ. ಅಪ್ಪ ಈಗಲೂ ಹುರಿಯುತ್ತಾರೆ. ಅದಕ್ಕೇ ನೋಡೋಕೆ ಹೋಗಿದ್ದೆ.

ಆ ದೊಡ್ಡ ಚಿತ್ರ ನನಗೆ ಒಪ್ಪಿಗೆ ಆಗಲಿಲ್ಲ. ಹುರಿಯುವವರಿಗೆ ಬೆಂಕಿ ಎಲ್ಲಿ ಕಾಣುತ್ತದೆ? ಒಲೆಯ ಬಾಯಿ ಆ ಕಡೆ ಕೆಳಗಿರುತ್ತದೆ. ಕಣ್ಣ ಮುಂದೆ ಇರುವುದು ಬಾಣಲೆ ತುಂಬ ಕಾದ ಮರಳು. ಅದರ ಬಣ್ಣ ಬೂದಿ. ಗೋಡೆ ಕಪ್ಪು, ಮಾಡು ಕಪ್ಪು, ಬಲ್ಬ್ ಮೇಲೂ ಮಸಿ. ಉಪ್ಪುನೀರು ಹಾಕಿದ ಅಕ್ಕಿ ಮರಳಿಗೆ ಬಿದ್ದ ತಕ್ಷಣ ಚಟಪಟ ಉಬ್ಬುತ್ತದೆ. ಎಣಿಸುವಷ್ಟರಲ್ಲಿ ಎತ್ತಿ ಜರಡಿಗೆ ಹಾಕಿ ಮರಳು ಬೇರೆ ಮಾಡಬೇಕು. ಸ್ವಲ್ಪ ತಡವಾದರೆ ಸೀದುಹೋಗುತ್ತದೆ. ಇದರಲ್ಲಿ ಬೆಳಕು ನೋಡುತ್ತಾ ನಿಲ್ಲೋಕೆ ಪುರುಸೊತ್ತಿರಲ್ಲ.

ಇನ್ನೊಂದು. ಚಿತ್ರದಲ್ಲಿ ಬೆನ್ನಿನ ಮೇಲೆ ಬೆವರು ಮಿರಮಿರ ಮಿಂಚುತ್ತಿದೆ. ನಮ್ಮಪ್ಪನ ಬೆನ್ನು ಹಾಗೆ ಮಿಂಚಿದ್ದು ನಾನು ನೋಡಿಲ್ಲ. ಆ ಕಾವಿಗೆ ಬೆವರು ಅಲ್ಲೇ ಒಣಗುತ್ತದೆ. ಬನಿಯನ್ ಮೇಲೆ ಬಿಳಿ ಗೆರೆ ಬೀಳುತ್ತದೆ, ಉಪ್ಪಿನ ಗೆರೆ. ಅಮ್ಮ ಒಗೆಯುವಾಗ ಅದನ್ನು ಮೊದಲು ಉಜ್ಜುತ್ತಾಳೆ. ಅದನ್ನು ಬರೆಯಬೇಕಿತ್ತು.

ಡ್ರಾಯಿಂಗ್ ಮೇಷ್ಟ್ರು

ತಮ್ಮಾ, ನಿನ್ನ ಮಾತು ಇಡೀ ಪ್ರದರ್ಶನಕ್ಕೆ ಬಂದ ಒಳ್ಳೇ ವಿಮರ್ಶೆ. ಪೇಪರ್‌ನಲ್ಲಿ ಬರುವುದಕ್ಕಿಂತ ಒಳ್ಳೇದು.

ಇದು ಹಳೇ ಜಗಳ. ವ್ಯಾನ್ ಗೋ 1885ರಲ್ಲಿ ಆಲೂಗಡ್ಡೆ ತಿನ್ನುವ ರೈತರ ಚಿತ್ರ ಬರೆದ. ಮುಖಗಳಿಗೆ ಮೊದಲು ಹಾಕಿದ್ದ ಬಣ್ಣ ಅವನಿಗೇ ಸರಿ ಕಾಣಲಿಲ್ಲ. ಸಿಪ್ಪೆ ಸುಲಿಯದ, ಮಣ್ಣು ಮೆತ್ತಿದ ಆಲೂಗಡ್ಡೆ ಬಣ್ಣಕ್ಕೆ ತಂದ. ತಮ್ಮನಿಗೆ ಬರೆದ ಕಾಗದದಲ್ಲಿ ಅದನ್ನು ಹೇಳಿಕೊಂಡಿದ್ದಾನೆ. ನೀನು ಕೇಳುತ್ತಿರುವುದೂ ಅದನ್ನೇ, ಮರಳಿನ ಬೂದು ಬಣ್ಣ.

ಆದರೆ ಬೆಂಕಿಯ ಬೆಳಕು ಅಂದ ತಕ್ಷಣ ಸುಳ್ಳು ಅನ್ನಬೇಡ. ಜರ್ಮನಿಯ ಮೆಂಜೆಲ್ 1872ರಿಂದ 75ರವರೆಗೆ ಕೂತು ಕಬ್ಬಿಣದ ಕಾರ್ಖಾನೆಯ ಚಿತ್ರ ಬರೆದ. ನಡುವೆ ಕಾದ ಕಬ್ಬಿಣ ಹೊಳೆಯುತ್ತದೆ, ಎಲ್ಲರ ಕಣ್ಣೂ ಅಲ್ಲಿಗೇ. ಆದರೆ ಬಲಗಡೆ ಮೂಲೆಯಲ್ಲಿ ಮೂರ್ನಾಲ್ಕು ಜನ ತಟ್ಟಿ ಮರೆಯಲ್ಲಿ ಕೂತು ಬುತ್ತಿ ಉಣ್ಣುತ್ತಿದ್ದಾರೆ. ಎಡಗಡೆ ಕೆಲವರು ಮೈ ತೊಳೆದುಕೊಳ್ಳುತ್ತಿದ್ದಾರೆ. ಆ ಮೂಲೆಗಳಿಂದಾಗಿ ಬೆಂಕಿ ಬರೀ ತಮಾಷೆ ಆಗದೆ ಉಳಿದಿದೆ. ನಮ್ಮ ಹುಡುಗಿಯ ದೊಡ್ಡ ಕ್ಯಾನ್ವಾಸಿಗೆ ಅಂಥ ಮೂಲೆ ಇಲ್ಲ. ಇದು ನನ್ನ ತಕರಾರು.

ಇನ್ನೊಂದು ಮಾತು. ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಕಾಟನ್ ಮಿಲ್ಲಿನ ಸೈರನ್ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದೆವು. ಮಿಲ್ಲುಗಳು ಮುಚ್ಚಿದವು. ಶಾಂತಿನಿಕೇತನದಲ್ಲಿ ರಾಮ್‌ಕಿಂಕರ್ ಬೈಜ್ 1956ರಲ್ಲಿ ಮಿಲ್ ಸೈರನ್‌ಗೆ ಓಡುವ ಹೆಂಗಸರ ಶಿಲ್ಪ ಮಾಡಿ ಬಯಲಲ್ಲಿ ನಿಲ್ಲಿಸಿದ. ಸೈರನ್ ಇದ್ದ ಊರು ನಮ್ಮದು. 1964ರಿಂದ ಕಲಾಶಾಲೆ ಇರುವ ಊರೂ ನಮ್ಮದು. ಆದರೂ ನಮ್ಮ ಮಿಲ್ಲಿನ ಒಂದು ಒಳ್ಳೇ ಪೇಂಟಿಂಗ್ ನನ್ನ ಕಣ್ಣಿಗೆ ಬಿದ್ದಿಲ್ಲ. ನಾನೂ ಬರೆಯಲಿಲ್ಲ, ಹಂಪಿ ರಥ ಬರೆಯುತ್ತಾ ಕೂತೆ. ಭಟ್ಟಿ ಇನ್ನೂ ಉರಿಯುತ್ತಿರುವಾಗಲೇ ಈ ಹುಡುಗಿ ಬರೆದಿದ್ದಾಳೆ. ಅದಕ್ಕೆ ಮೊದಲು ಶಭಾಷ್ ಅನ್ನಿ.

ಇದ್ದಲು

ನಮಸ್ಕಾರ. ಚಿತ್ರ ಬರೆದವಳು ನಾನೇ. ಸುಮ್ನೆ ಓದುತ್ತಾ ಇದ್ದೆ, ಇನ್ನು ಸುಮ್ಮನಿರಲು ಆಗಲ್ಲ.

ಭಟ್ಟಿ ಮನೆಯ ಅಣ್ಣನಿಗೆ: ಉಪ್ಪಿನ ಗೆರೆಯ ಮಾತು ಓದಿ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಆದರೆ ಕಿತ್ತಳೆ ಬಣ್ಣದ ಬಗ್ಗೆ ನನ್ನದೂ ಒಂದು ಮಾತಿದೆ. ನಾನು ನಿಂತಿದ್ದು ಹುರಿಯುವವರ ಪಕ್ಕ ಅಲ್ಲ. ಒಲೆಗೆ ಹೊಟ್ಟು ತುಂಬುವ ಕಡೆ, ಕೆಳಗೆ. ಅಲ್ಲಿ ಒಬ್ಬರು ಅಮ್ಮ ಕೂತು ಹೊಟ್ಟು ಎರಚುತ್ತಿದ್ದರು. ಎರಚಿದಾಗಲೆಲ್ಲ ಬೆಂಕಿ ಭಗ್ ಅಂತ ಏಳುತ್ತಿತ್ತು. ಅವರ ಜಾಗದಿಂದ ನೋಡಿದರೆ ಮೇಲೆ ನಿಂತವರು ಕಿತ್ತಳೆಯಾಗಿಯೇ ಕಾಣುತ್ತಾರೆ. ಅದು ಅವರ ಕಣ್ಣಿನ ಚಿತ್ರ. ಅವರನ್ನು ಚಿತ್ರದೊಳಗೆ ಹಾಕಲಿಲ್ಲ, ಬೇಕೆಂದೇ.

ಭಟ್ಟಿ ಮನೆ ಹುಡುಗ

ಅಕ್ಕಾ, ಹೊಟ್ಟು ಹಾಕೋ ಕಡೆಯಿಂದ ಹಾಗೆ ಕಾಣುತ್ತದೆ, ಒಪ್ಪಿದೆ. ನಮ್ಮ ಅಜ್ಜಿ ಅಲ್ಲೇ ಕೂರುತ್ತಿದ್ದಳು.

ಆದರೆ ಬೆಂಕಿ ಕೆಳಗಿದ್ದರೆ ಬೆಳಕು ಗಲ್ಲಕ್ಕೆ, ಮೂಗಿನ ಕೆಳಗೆ, ಕೈಯ ತಳಕ್ಕೆ ಬೀಳಬೇಕು. ನಡುವೆ ಬಾಣಲೆ ಬೇರೆ ಅಡ್ಡ ಇದೆ. ನಿಮ್ಮ ಚಿತ್ರದಲ್ಲಿ ಹಣೆಗೂ ಹೆಗಲಿಗೂ ಬಿದ್ದಿದೆ. ಅದು ಹೇಗೆ?

ಡ್ರಾಯಿಂಗ್ ಮೇಷ್ಟ್ರು

ಇವನನ್ನು ಯಾರಾದರೂ ಕಲಾಶಾಲೆಗೆ ಸೇರಿಸ್ರಪ್ಪಾ.

ಇದ್ದಲು

ಅಣ್ಣಾ, ಸಿಕ್ಕಿಹಾಕಿಸಿದಿರಿ. ಹೆಗಲಿಗೆ ಬೆಳಕು ಇಲ್ಲದಿದ್ದರೆ ಆ ಕ್ಯಾನ್ವಾಸ್‌ನ ಮೇಲಿನ ಅರ್ಧ ಪೂರ್ತಿ ಕಪ್ಪಾಗುತ್ತಿತ್ತು. ದೂರದಿಂದ ನೋಡಿದರೆ ಮನುಷ್ಯನೇ ಕಾಣುತ್ತಿರಲಿಲ್ಲ. ಚಿತ್ರಕ್ಕೆ ಬೇಕು ಅಂತ ಹಾಕಿದೆ. ಈಗಲೂ ಅದು ಬೇಕು ಅಂತಲೇ ನನ್ನ ಅಭಿಪ್ರಾಯ. ನೀವು ಒಪ್ಪಬೇಕಾಗಿಲ್ಲ.

ಪಿಬಿ ರೋಡ್ ಪಯಣಿಗ

ಆ ಕಪ್ಪು ಬಟ್ಟೆ ಬಗ್ಗೆ ಹೇಳಿ ಮೇಡಂ. ಅದು ಏನು ಬಟ್ಟೆ? ಮುಟ್ಟಬೇಡಿ ಅಂತ ಚೀಟಿ ಇತ್ತು, ಇಲ್ಲದಿದ್ದರೆ ಮುಟ್ಟುತ್ತಿದ್ದೆ.

ಇದ್ದಲು

ಅದು ಕಡತದ ಬಟ್ಟೆ ಸರ್. ಹಿಂದೆ ಸಾಹುಕಾರರು, ಶಾನುಭೋಗರು ಲೆಕ್ಕ ಬರೆಯುತ್ತಿದ್ದ ಕಡತ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬಳಿದರೆ ಆಯಿತು. ಮಂಡಿಪೇಟೆ ಇರುವ ಊರಿಗೆ ಲೆಕ್ಕದ ಬಟ್ಟೆಗಿಂತ ಸರಿಯಾದದ್ದು ಬೇರೆ ಏನಿದೆ ಅನ್ನಿಸಿತು.

ಮಾಡುವುದು ಕಷ್ಟವಲ್ಲ, ಆದರೆ ರೇಜಿಗೆ. ಹುಣಸೆಬೀಜ ಹುರಿದು, ನೆನೆಹಾಕಿ, ಸಿಪ್ಪೆ ತೆಗೆದು, ರುಬ್ಬಿ, ಗಂಜಿಯ ಹದಕ್ಕೆ ಕುದಿಸಬೇಕು. ನಾನು ಇದ್ದಲ ಜೊತೆಗೆ ಭಟ್ಟಿ ಮಾಡಿನ ಮಸಿಯನ್ನೂ ಹಾಕಿದೆ. ಅಲ್ಲೇ ತೊಡಕಾಗಿದ್ದು. ಮಸಿ ನೀರಿಗೆ ಸೇರಲ್ಲ, ಮೇಲೇ ತೇಲುತ್ತದೆ. ಅದರಲ್ಲಿ ಜಿಡ್ಡು ಇರುತ್ತದೆ. ಮೊದಲು ಸ್ವಲ್ಪ ಸ್ಪಿರಿಟ್ ಹಾಕಿ ಅರೆದು, ಆಮೇಲೆ ಗಂಜಿಗೆ ಬೆರೆಸಿದರೆ ಕೂಡಿಕೊಳ್ಳುತ್ತದೆ. ಮಂಡಕ್ಕಿಗೆ ಬಳಪ ಸಾಲಲಿಲ್ಲ. ಬಿಳಿ ಅಕ್ರಿಲಿಕ್ಕೇ ಹಾಕಿದೆ.

ಫ್ರೇಮ್ ಅಂಗಡಿ

ಎರಡು ಮಾತು ಮೇಡಂ. ಹುಣಸೆ ಅಂಟು ಅಂದರೆ ಜಿರಳೆಗೂ ಬೆಳ್ಳಿ ಮೀನು ಹುಳಕ್ಕೂ ಹಬ್ಬ. ಹಳೇ ಬುಕ್ ಬೈಂಡಿಂಗ್‌ನವರು ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು, ಅದಕ್ಕೇ. ನೀವು ಹಾಕಿದ್ದೀರಾ? ಹಾಕದಿದ್ದರೆ ಕೊಂಡವರಿಗೆ ಹೇಳಿಬಿಡಿ.

ಎರಡನೇದು, ಅದಕ್ಕೆ ಗ್ಲಾಸ್ ಹಾಕಿಸುವಾಗ ಗ್ಲಾಸ್ ಬಟ್ಟೆಗೆ ತಾಗಬಾರದು. ನಡುವೆ ಮೌಂಟ್ ಬೋರ್ಡ್ ಕೊಟ್ಟು ಗ್ಯಾಪ್ ಬಿಡಿಸಿ. ಮಳೆಗಾಲದಲ್ಲಿ ಗ್ಲಾಸ್ ಒಳಗೆ ತೇವ ಬಂದರೆ ಅಂಟು ಗ್ಲಾಸಿಗೆ ಹತ್ತಿಕೊಳ್ಳುತ್ತದೆ. ಆಮೇಲೆ ಬಿಡಿಸಿದರೆ ಮಂಡಕ್ಕಿ ಎಲ್ಲ ಗ್ಲಾಸಿಗೆ, ಬಟ್ಟೆ ಖಾಲಿ.

ಭಟ್ಟಿ ಮಸಿ ಅಂದಿರಲ್ಲ, ಹಳೇ ಟೈರ್ ಸುಟ್ಟ ಭಟ್ಟಿಯದಾದರೆ ಬರಿಗೈಯಲ್ಲಿ ಅರೆಯಬೇಡಿ. ಗ್ಲೌಸ್, ಮಾಸ್ಕ್ ಇರಲಿ. ಆ ಮಸಿ ಮೈಗೆ ಒಳ್ಳೇದಲ್ಲ.

ಭಟ್ಟಿ ಮನೆ ಹುಡುಗ

ಗ್ಲೌಸ್ ಹಾಕಿಕೊಂಡು ಅರೆಯಿರಿ ಅಂತ ಅಕ್ಕನಿಗೆ ಹೇಳುತ್ತಿದ್ದೀರಿ. ಒಳ್ಳೇದು. ಅದೇ ಮಸಿಯಲ್ಲಿ ಬೆಳಗಿನ ಜಾವದಿಂದ ನಿಲ್ಲುವವರಿಗೂ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳಲ್ಲಿ ನಮ್ಮೂರು ಬಂದಾಗ ಭಟ್ಟಿ ಸುಧಾರಣೆಯೂ ಆ ಯೋಜನೆಯಲ್ಲಿತ್ತು. ಮನೆಯಲ್ಲಿ ಅದೇ ಮಾತು ಆಗ. ಇಲ್ಲಿ ಆ ವಿಷಯ ಎತ್ತಿದರೆ ಚಿತ್ರದ ಮಾತು ತಪ್ಪಿಹೋಗುತ್ತದೆ, ಬಿಡಿ.

ಪಿಬಿ ರೋಡ್ ಪಯಣಿಗ

ತಪ್ಪಿಹೋಗಲ್ಲ. ಚಿತ್ರ ನೋಡಿಯೇ ಈ ಮಾತು ಬಂದಿದ್ದು ಅಲ್ವಾ?

ಮಿಠಾಯಿ ಚೀಲ

ನನ್ನದು ಬೇರೆ ಪ್ರಶ್ನೆ. ನಾನು ಮಂಡಕ್ಕಿ ಪ್ಯಾಕ್ ಮಾಡಿ ಬೇರೆ ಊರಿಗೆ ಕಳಿಸುವವನು. ಪ್ರದರ್ಶನದಲ್ಲಿ ಒಂದು ಚಿತ್ರ ಇಷ್ಟವಾಗಿ ಕೊಂಡೆ, ಚೌಕಾಶಿ ಮಾಡದೆ. ಅದನ್ನು ನಮ್ಮ ಪ್ಯಾಕೆಟ್ ಮೇಲೆ ಪ್ರಿಂಟ್ ಹಾಕಿಸಬೇಕು ಅಂದುಕೊಂಡೆ. ಹೇಳಿದರೆ ಮೇಡಂ, ಅದಕ್ಕೆ ಬೇರೆ ಮಾತಾಡಬೇಕು ಅಂತಾರೆ. ಎಮ್ಮೆ ಕೊಂಡವನು ಹಾಲಿಗೆ ಬೇರೆ ದುಡ್ಡು ಕೊಡಬೇಕಾ? ಜಗಳಕ್ಕೆ ಕೇಳುತ್ತಿಲ್ಲ. ತಿಳಿದವರು ಹೇಳಿ.

ಬೆಣ್ಣೆ ಖಾಲಿ

ಎಮ್ಮೆ ಪ್ರಶ್ನೆ ಸಕತ್ತಾಗಿದೆ. ಉತ್ತರಕ್ಕೆ ಕಾಯುತ್ತಿದ್ದೇನೆ.

ಲೆಕ್ಕದ ಬುಕ್ಕು

ಕೋರ್ಟು, ತೆರಿಗೆ ಎರಡರಲ್ಲೂ ಸ್ವಲ್ಪ ಕೆಲಸ ಮಾಡುತ್ತೇನೆ, ಹಾಗಾಗಿ ಹೇಳುತ್ತೇನೆ.

ನೀವು ಕೊಂಡಿದ್ದು ಆ ಒಂದು ಕ್ಯಾನ್ವಾಸ್. ಮನೆಯಲ್ಲಿ ಹಾಕಿ, ಅಂಗಡಿಯಲ್ಲಿ ಹಾಕಿ, ಮಾರಿ, ಮಗಳ ಮದುವೆಗೆ ಉಡುಗೊರೆ ಕೊಡಿ. ಯಾರೂ ಕೇಳಲ್ಲ. ಆದರೆ ಅದರ ಪ್ರತಿ ಮಾಡುವ ಹಕ್ಕು, ಅಂದರೆ ಪ್ಯಾಕೆಟ್, ಕ್ಯಾಲೆಂಡರ್, ಟೀ ಶರ್ಟ್ ಇವೆಲ್ಲ, ಬರೆದವರ ಹತ್ತಿರವೇ ಉಳಿಯುತ್ತದೆ. 1957ರ ಕಾಪಿರೈಟ್ ಕಾಯ್ದೆ ಇದನ್ನೇ ಹೇಳುವುದು. ಆ ಹಕ್ಕು ಕಲಾವಿದರು ಬದುಕಿರುವವರೆಗೆ, ಆಮೇಲೆ ಇನ್ನೂ 60 ವರ್ಷ. ಅದನ್ನು ಪಡೆಯಬೇಕಾದರೆ ಬರಹದಲ್ಲಿ ಇರಬೇಕು. ಬಾಯಿಮಾತು ನಡೆಯಲ್ಲ. ಎಷ್ಟು ವರ್ಷ ಅಂತ ಬರೆಯದಿದ್ದರೆ 5 ವರ್ಷ ಅಂತ ಕಾಯ್ದೆಯೇ ತಿಳಿಯುತ್ತದೆ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ.

ಇಲ್ಲಿ ಒಂದು ಒಳಸುಳಿ ಇದೆ, ಮೇಡಂ ಗಮನಿಸಿ. ಇದು ನೀವಾಗಿ ಬರೆದು ಮಾರಿದ ಚಿತ್ರದ ಮಾತು. ಯಾರಾದರೂ ದುಡ್ಡು ಕೊಟ್ಟು ‘ನಮಗೆ ಹೀಗೊಂದು ಪೇಂಟಿಂಗ್ ಬರೆದುಕೊಡಿ’ ಅಂತ ಹೇಳಿ ಬರೆಸಿದರೆ ಲೆಕ್ಕ ತಿರುಗುತ್ತದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಆಗ ಹಕ್ಕು ಬರೆಸಿದವರಿಗೆ ಹೋಗುತ್ತದೆ. ಆರ್ಡರ್ ಹಿಡಿಯುವ ಮೊದಲು ಒಂದು ಸಾಲು ಬರೆಸಿಕೊಳ್ಳಿ.

ಇನ್ನೊಂದು ಹಕ್ಕು ಬಹಳ ಕಲಾವಿದರಿಗೆ ಗೊತ್ತಿಲ್ಲ. ನಿಮ್ಮ ಮೂಲ ಚಿತ್ರವನ್ನು ಕೊಂಡವರು ಮುಂದೆ 10,000 ರೂಪಾಯಿಗಿಂತ ಹೆಚ್ಚಿಗೆ ಮತ್ತೆ ಮಾರಿದರೆ, ಅದರಲ್ಲಿ ನಿಮಗೂ ಪಾಲು ಕೇಳುವ ಅವಕಾಶ ಕಾಯ್ದೆಯಲ್ಲಿದೆ. ಗರಿಷ್ಠ ಶೇಕಡಾ 10. ವಸೂಲಿ ಕಷ್ಟ, ಆದರೆ ಹಕ್ಕು ಇದೆ.

ಮಿಠಾಯಿ ಚೀಲ

ಓಹೋ. ಹಾಗಾದರೆ ಎಮ್ಮೆ ನನ್ನದು, ಕರು ಅವರದು. ಸರಿ, ಮೇಡಂ, ನಾಳೆ ಅಂಗಡಿಗೆ ಬನ್ನಿ, ಕಾಗದ ಮಾಡೋಣ. ಪ್ಯಾಕೆಟ್ ಹಿಂದೆ ನಿಮ್ಮ ಹೆಸರು ಹಾಕಿಸುತ್ತೇನೆ, ಸಣ್ಣದಾಗಿ ಅಲ್ಲ.

ಇದ್ದಲು

ಬರುತ್ತೇನೆ ಸರ್. ಬುಕ್ಕು ಸರ್‌ಗೂ ಥ್ಯಾಂಕ್ಸ್. ಇನ್ನೊಂದು ಕೇಳಬಹುದಾ? ಬೆಲೆ ಹಾಕುವುದೇ ನನಗೆ ದೊಡ್ಡ ತಲೆನೋವಾಗಿತ್ತು. ಚದರ ಇಂಚಿಗೆ 25 ರೂಪಾಯಿ ಅಂತ ಹಾಕಿದೆ. 24ಕ್ಕೆ 36 ಇಂಚಿನದು 21,600 ಆಯಿತು, ಅದು ಸರಿ ಅನ್ನಿಸಿತು. ಆದರೆ 12ಕ್ಕೆ 12ರ ಚಿಕ್ಕದು 3,600 ಮಾತ್ರ. ಫ್ರೇಮ್ ಖರ್ಚು ಕಳೆದರೆ ಏನೂ ಉಳಿಯಲ್ಲ. ಬಾಗಿಲಲ್ಲಿರುವ ದೊಡ್ಡದು, 48ಕ್ಕೆ 60, ಅದು 72,000 ಆಗುತ್ತದೆ. ಆ ಚೀಟಿ ಹಾಕೋಕೆ ನನಗೇ ಧೈರ್ಯ ಬರಲಿಲ್ಲ, ಕೇಳಿದವರಿಗೆ ಹೇಳುತ್ತೇನೆ ಅಂತ ಬಿಟ್ಟಿದ್ದೇನೆ.

ಲೆಕ್ಕದ ಬುಕ್ಕು

ಚದರ ಇಂಚಿನ ಲೆಕ್ಕದ ರೋಗವೇ ಇದು. ಚಿಕ್ಕದು ತೀರಾ ಅಗ್ಗ, ದೊಡ್ಡದು ಕೈಗೆಟುಕಲ್ಲ. ಅಗಲ, ಎತ್ತರ ಗುಣಿಸಬೇಡಿ, ಕೂಡಿಸಿ. 24 ಮತ್ತು 36 ಸೇರಿ 60. ಇಂಚಿಗೆ 360 ಹಾಕಿದರೆ ಅದೇ 21,600. ಈಗ ಚಿಕ್ಕದು 24 ಇಂಚು, 8,640. ದೊಡ್ಡದು 108 ಇಂಚು, 38,880. ಮೂರೂ ಹೇಳಿಕೊಳ್ಳುವಂಥ ಬೆಲೆಯೇ ಅಲ್ವಾ?

ಬೆಲೆ ಚೀಟಿ ಮಾತ್ರ ಹಾಕಲೇಬೇಕು. ನಮ್ಮ ಕಡೆಯವರು ಬೆಲೆ ಕೇಳುವುದಕ್ಕೆ ನಾಚಿಕೊಳ್ಳುತ್ತಾರೆ. ಕೇಳಿ ಜಾಸ್ತಿ ಆದರೆ ಮರ್ಯಾದೆ ಪ್ರಶ್ನೆ ಅಂತ ಹಾಗೇ ಹೊರಟುಹೋಗುತ್ತಾರೆ. ಜಿಎಸ್‌ಟಿ ಬಗ್ಗೆ ಹೆದರಬೇಡಿ. ನಿಮ್ಮ ವಹಿವಾಟಿಗೆ ನೋಂದಣಿಯ ಮಾತು ಇನ್ನೂ ದೂರ. ಕೈಯಲ್ಲೇ ಬರೆದ ಚಿತ್ರಗಳ ತೆರಿಗೆಯೂ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆ.

ದುರ್ಗದ ಬಂಡೆ

ನಾನು ಚಿತ್ರದುರ್ಗದವನು. 1997ರಲ್ಲಿ ನೀವು ನಮ್ಮಿಂದ ಬೇರೆ ಜಿಲ್ಲೆಯಾದಿರಿ ಅನ್ನುವ ಒಂದು ಸಣ್ಣ ಹೊಟ್ಟೆಕಿಚ್ಚು ಇದ್ದೇ ಇದೆ. ಅದಿರಲಿ. ಈ ಪ್ರದರ್ಶನವನ್ನು ದುರ್ಗಕ್ಕೂ ತನ್ನಿ.

ಮೇಷ್ಟ್ರು ಹೊರದೇಶದವರ ಹೆಸರೆಲ್ಲ ಹೇಳಿದರು. ನಮ್ಮ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯ ಪಿ.ಆರ್. ತಿಪ್ಪೇಸ್ವಾಮಿ ಅವರನ್ನು ಬಿಟ್ಟುಬಿಟ್ಟರು. 1922ರಲ್ಲಿ ಹುಟ್ಟಿದವರು. ನಿಸರ್ಗ ಚಿತ್ರ ಬರೆದರು ಅಂತ ಎಲ್ಲರಿಗೂ ಗೊತ್ತು. ಆದರೆ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಕಟ್ಟುವುದಕ್ಕೆ ಊರೂರು ತಿರುಗಿದವರೂ ಅವರೇ. ಜನ ಬಳಸುವ ವಸ್ತುಗಳ ಮೇಲೆ ಅವರಿಗೆ ಅಷ್ಟು ಪ್ರೀತಿ. ಈ ಹುಡುಗಿ ಜರಡಿ, ಕಡತ, ಮಸಿ ಅಂತ ಹಿಡಿದಿರುವುದು ಅದೇ ದಾರಿ. ನಾವು ದುರ್ಗದವರಂತೂ ಕೋಟೆ, ಒನಕೆ ಓಬವ್ವನ ಕಿಂಡಿ ಬಿಟ್ಟು ಬೇರೆ ಬರೆಯುವುದನ್ನೇ ಮರೆತಿದ್ದೇವೆ.

ಡ್ರಾಯಿಂಗ್ ಮೇಷ್ಟ್ರು

ಬಂಡೆಯವರೇ, ಚುಚ್ಚಿದ್ದು ಸರಿಯಾಗಿದೆ.

ಹುಡುಗಿಗೆ ಒಂದು ಮಾತು. ಗೆಸ್ಟ್ ಟೀಚರ್ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗುವ ಯೋಚನೆ ಇದೆ ಅಂತ ಕೇಳಿದೆ. ಹೋಗು, ಬೇಡ ಅನ್ನಲ್ಲ. ಆದರೆ ಕೆಲಸ ಮಾಡುತ್ತಾ ಬರೆಯುವುದು ಕೀಳು ಅಂತ ಯಾರಾದರೂ ಅಂದರೆ ನಂಬಬೇಡ. ಥಾಣೆಯ ಸುಧೀರ್ ಪಟವರ್ಧನ್ ದುಡಿಯುವ ಜನರ ಚಿತ್ರಗಳಿಗೇ ಹೆಸರಾದವರು. ವೃತ್ತಿಯಲ್ಲಿ ಬಹಳ ವರ್ಷ ಎಕ್ಸ್‌ರೇ ಡಾಕ್ಟರು. ಹಗಲು ಆಸ್ಪತ್ರೆ, ಉಳಿದ ಹೊತ್ತು ಕ್ಯಾನ್ವಾಸ್.

ಮತ್ತೆ ಲೈಟಿನ ಕಥೆ. ಟ್ಯೂಬ್‌ಲೈಟ್ ನೇರ ಬಿದ್ದು ಎಣ್ಣೆ ಬಣ್ಣದ ಚಿತ್ರಗಳೆಲ್ಲ ಥಳಥಳ ಅನ್ನುತ್ತಿವೆ. ಒಂದು ಕಡೆ ನಿಂತರೆ ಅರ್ಧ ಚಿತ್ರ ಕಾಣಲ್ಲ. ಸ್ಪಾಟ್‌ಲೈಟ್ ಮೇಲಿನಿಂದ ಸುಮಾರು 30 ಡಿಗ್ರಿ ಓರೆಯಾಗಿ ಬೀಳಬೇಕು. ಬಾಡಿಗೆಗೆ ಸಿಗುತ್ತವೆ, ಮದುವೆ ಮನೆ ಲೈಟಿಂಗ್‌ನವರನ್ನು ಕೇಳು. ಮತ್ತೆ ಎಲ್ಲ ಚಿತ್ರವನ್ನೂ ಬಹಳ ಮೇಲೆ ಹಾಕಿದ್ದೀಯ, ದೇವರ ಪಟದ ಹಾಗೆ. ಚಿತ್ರದ ನಡುಭಾಗ ನೆಲದಿಂದ ಐದಡಿ ಒಳಗೇ ಇರಲಿ. ಆ ಕಪ್ಪು ಬಟ್ಟೆಯನ್ನು ಸ್ವಿಚ್‌ಬೋರ್ಡ್ ಪಕ್ಕದಿಂದ ಇವತ್ತೇ ತೆಗೆ.

ಇದ್ದಲು

ತೆಗೆದೆ ಮೇಷ್ಟ್ರೇ. ಎದುರು ಗೋಡೆಗೆ ಒಂದೇ ಹಾಕಿದೆ, ಅಕ್ಕಪಕ್ಕ ಏನೂ ಇಲ್ಲ. ಬೆಲೆ ಚೀಟಿಯನ್ನೂ ಹೊಸದಾಗಿ ಬರೆದು ಅಂಟಿಸಿದೆ. ಮಾರಿಹೋಗಿದ್ದ ಚಿಕ್ಕವನ್ನು ಹಳೇ ಬೆಲೆಗೇ ಬಿಟ್ಟೆ.

ಒಂದು ವಿಷಯ ಮಾತ್ರ ಕೊರೆಯುತ್ತಿದೆ. ಹಾಲ್ ತೆರೆದಿರುವುದು ಬೆಳಗ್ಗೆ 10.30ರಿಂದ ಸಂಜೆ 5.30. ಭಟ್ಟಿಯವರು ಯಾರೂ ಬಂದಿಲ್ಲ, ಈ ಅಣ್ಣ ಒಬ್ಬರನ್ನು ಬಿಟ್ಟು. ಕರೆದಿದ್ದೆ, ಆ ಹೊತ್ತಿಗೆ ಆಗಲ್ಲ ಅಂದರು. ಕೆಲವನ್ನು ಅಲ್ಲಿಗೇ ಒಯ್ದು ತೋರಿಸಿದರೆ ಹೇಗೆ?

ಬೆಣ್ಣೆ ಖಾಲಿ

ಚೆನ್ನಾಗಿರುತ್ತೆ! ವೀಡಿಯೋ ಮಾಡಿ ಹಾಕಿ, ವೈರಲ್ ಆಗುತ್ತದೆ.

ದುರ್ಗದ ಬಂಡೆ

ಅದೇ ಆಗಬಾರದು ನೋಡಿ. ದಣಿದವರ ಮುಂದೆ ಅವರದೇ ಚಿತ್ರ ಹಿಡಿದು, ಅವರು ಕಣ್ಣು ಅರಳಿಸುವುದನ್ನು ಫೋಟೋ ತೆಗೆದು, ನಮ್ಮ ಗೋಡೆಗೆ ಹಾಕಿಕೊಳ್ಳುವುದು. ನಂಗೆ ಸರಿ ಕಾಣಲ್ಲ. ಸಮಯ ಬದಲಾಯಿಸಿ. ಕೊನೇ ಎರಡು ದಿನ ರಾತ್ರಿ ಒಂಬತ್ತರವರೆಗೆ ತೆರೆದಿಡಿ, ಅವರಾಗಿ ಬರಲಿ. ಬಂದವರ ಹಾಗೆ ಬಂದು ನೋಡಲಿ.

ಪಿಬಿ ರೋಡ್ ಪಯಣಿಗ

ರಾತ್ರಿ ಒಂಬತ್ತಕ್ಕೆ ಯಾರು ಬರುತ್ತಾರೆ ಸರ್? ಬೆಳಗಿನ ಜಾವ ಏಳುವವರು. ನನ್ನ ಪ್ರಕಾರ ಎರಡೂ ಮಾಡಲಿ. ಹಾಲ್‌ಗೆ ಬರುವವರು ಬರಲಿ. ಒಯ್ಯುವುದಾದರೆ ಮೊದಲು ಅಲ್ಲಿಯವರನ್ನು ಕೇಳಿ ಒಯ್ಯಲಿ.

ಭಟ್ಟಿ ಮನೆ ಹುಡುಗ

ಕೇಳಿದೆ. ಶುಕ್ರವಾರ ಮಧ್ಯಾಹ್ನ ನಮಾಜ್ ಆದ ಮೇಲೆ ನಮ್ಮ ಓಣಿಯಲ್ಲಿ ಸ್ವಲ್ಪ ಬಿಡುವಿರುತ್ತದೆ, ಆಗ ಬರಬಹುದು ಅಂದರು. ಷರತ್ತು ಇದೆ. ಮೈಕು ಬೇಡ, ಭಾಷಣ ಬೇಡ. ಫೋಟೋದವರು ಬೇಡವೇ ಬೇಡ. ಚಾ ನಮ್ಮ ಕಡೆಯಿಂದ.

ಗೋಡೆಗೆ ಮೊಳೆ ಹೊಡೆಯೋಕೆ ಆಗಲ್ಲ, ಮಸಿ ಉದುರುತ್ತದೆ. ಮಂಡಕ್ಕಿ ಮೂಟೆ ಮೇಲೆ ಮಂಚ ಅಡ್ಡ ಇಟ್ಟು ಒರಗಿಸಬಹುದು. ಕಡತದ್ದು ತರಬೇಡಿ ಅಕ್ಕ, ಅದರ ಮೇಲೆ ಇನ್ನಷ್ಟು ಮಸಿ ಕೂರುತ್ತದೆ. ಆ ಕಿತ್ತಳೆದನ್ನು ತನ್ನಿ. ಹೆಗಲಿನ ಬೆಳಕಿನ ವಿಷಯ ಅಪ್ಪನ ಹತ್ತಿರವೇ ಕೇಳಿಬಿಡೋಣ.

ಇದ್ದಲು

ಬರುತ್ತೇನೆ ಅಣ್ಣ. ಕಿತ್ತಳೆದೂ ತರುತ್ತೇನೆ, ಹೊಟ್ಟು ತುಂಬುವ ಅಮ್ಮನ ಪೆನ್ಸಿಲ್ ಸ್ಕೆಚ್ಚೂ ಇದೆ, ಅದನ್ನೂ. ಫ್ರೇಮ್ ಅಂಗಡಿ ಸರ್, 48ಕ್ಕೆ 60 ಕ್ಯಾನ್ವಾಸ್ ಗೂಡ್ಸ್ ಆಟೋದಲ್ಲಿ ನಿಲ್ಲಿಸಿ ಒಯ್ಯಬಹುದಾ, ಮಲಗಿಸಬೇಕಾ?

ಫ್ರೇಮ್ ಅಂಗಡಿ

ನಿಲ್ಲಿಸಿಯೇ ಒಯ್ಯಿರಿ, ಮಲಗಿಸಿದರೆ ಹಂಪ್‌ನಲ್ಲಿ ಕ್ಯಾನ್ವಾಸ್ ಜೋಲುತ್ತದೆ. ನಾಲ್ಕೂ ಮೂಲೆಗೆ ರಟ್ಟು ಕಟ್ಟಿ, ಮೇಲೆ ಹಳೇ ಬೆಡ್‌ಶೀಟ್ ಸುತ್ತಿ. ಪ್ಲಾಸ್ಟಿಕ್ ಸುತ್ತಬೇಡಿ, ಎಣ್ಣೆ ಬಣ್ಣ ಇನ್ನೂ ಹಸಿ ಇದ್ದರೆ ಅಂಟುತ್ತದೆ. ಶುಕ್ರವಾರ ಮಧ್ಯಾಹ್ನ ನನ್ನ ಅಂಗಡಿಯೂ ಬಂದ್ ಇರುತ್ತದೆ. ಹುಡುಗನನ್ನು ಕಳಿಸುತ್ತೇನೆ, ಒಂದು ಕಡೆ ಅವನು ಹಿಡಿದುಕೊಳ್ಳುತ್ತಾನೆ.